ಪಕ್ಕದ ಸೀಟಿನ ದೀಪ

ಕಾರು ಓಡಿಸುವವನ ಕಣ್ಣೆದುರು ಹೊತ್ತಿಕೊಳ್ಳುವ ದೀಪಗಳಲ್ಲಿ ಹಲವು ಅವನಿಗೇ ಸಂಬಂಧಿಸಿದವು. ಪೆಟ್ರೋಲ್ ತೀರಿದರೆ ನಿಲ್ಲುವುದು ಅವನ ಪ್ರಯಾಣ, ಎಂಜಿನ್ ಕಾದರೆ ಖರ್ಚು ಅವನದು. ಪಕ್ಕದ ಸೀಟಿನ ಏರ್‌ಬ್ಯಾಗ್ ಬಗ್ಗೆ ಹೇಳುವ ದೀಪ ಹಾಗಲ್ಲ. ಅದು ಎಚ್ಚರಿಸುವುದು ಇವನನ್ನು, ಪೆಟ್ಟು ಬೀಳುವುದು ಇನ್ನೊಬ್ಬರಿಗೆ.

ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿಗಳ ನಡುವೆ ಹೋಗುವಾಗಲೂ, ಕಂಪ್ಲಿಗೆ ಮದುವೆಗೆ ಹೊರಟಾಗಲೂ, ನೆಂಟರಿಗೆ ಹಂಪಿ ತೋರಿಸುವಾಗಲೂ ಮುಂದಿನ ಸೀಟನ್ನು ಹಿರಿಯರಿಗೋ, ಮಗುವನ್ನೆತ್ತಿಕೊಂಡ ತಾಯಿಗೋ ಬಿಟ್ಟುಕೊಡುತ್ತೇವೆ. ಅದು ನಮ್ಮಲ್ಲಿ ಮರ್ಯಾದೆ. ಅಲ್ಲಿ ಕುಳಿತವರು ನಮ್ಮನ್ನು ನಂಬಿ ಕುಳಿತವರು. ಅವರಿಗೆ ದೀಪದ ಅರ್ಥ ತಿಳಿಯದಿದ್ದರೆ ತಪ್ಪಿಲ್ಲ. ಓಡಿಸುವವನಿಗೆ ತಿಳಿದಿರಬೇಡವೇ?

ನಮ್ಮ ದೇಶದಲ್ಲಿ ಮುಂದಿನ ಪ್ರಯಾಣಿಕನ ಏರ್‌ಬ್ಯಾಗ್ ಹೊಸ ಮಾದರಿಯ ಕಾರುಗಳಿಗೆ 2021ರ ಏಪ್ರಿಲ್ 1ರಿಂದ ಕಡ್ಡಾಯವಾಯಿತು. ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ ಆ ವರ್ಷದ ಕೊನೆಯವರೆಗೆ ಕಾಲಾವಕಾಶವಿತ್ತು. ಕುಳಿತ ಮನುಷ್ಯ, ಅವನೆದುರು ದುಂಡನೆಯ ಚೆಂಡು: ಇದು ಇಡೀ ವ್ಯವಸ್ಥೆಯ ದೀಪ. ಕೀಲಿ ತಿರುಗಿಸಿದಾಗ ಕೆಲವು ಸೆಕೆಂಡು ಉರಿದು ಆರಬೇಕು. ಆರದೆ ಉರಿಯುತ್ತಿದ್ದರೆ ದೋಷವಿದೆಯೆಂದೂ, ಅಪಘಾತದಲ್ಲಿ ಚೀಲ ತೆರೆಯದೆ ಹೋಗಬಹುದೆಂದೂ ಅರ್ಥ. ಸೀಟಿನ ಕೆಳಗಿನ ವಯರಿನ ಜೋಡಣೆ ಸಡಿಲವಾದರೂ ಹೀಗಾಗುವುದುಂಟು. ಆದರೂ ಅದನ್ನು ಬಲ್ಲ ಮೆಕ್ಯಾನಿಕ್ಕೇ ನೋಡಬೇಕು.

ಕೆಲವು ಕಾರುಗಳಲ್ಲಿ ಇನ್ನೊಂದು ದೀಪವಿದೆ. ಪಕ್ಕದ ಸೀಟಿನ ಏರ್‌ಬ್ಯಾಗನ್ನು ಬಂದ್ ಮಾಡಲಾಗಿದೆ ಎಂದು ಅದು ಹೇಳುತ್ತದೆ. ಇಲ್ಲಿ ವಿವೇಕ ಬೇಕು. ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಉಬ್ಬುವ ಆ ಚೀಲ ಬೆಲ್ಟ್ ಹಾಕಿದ ದೊಡ್ಡವರನ್ನು ಕಾಯುತ್ತದೆ. ಎಳೆಯ ಮಗುವನ್ನು ಕೊಲ್ಲಬಲ್ಲದು. 1990ರ ದಶಕದಲ್ಲಿ ಅಮೆರಿಕದಲ್ಲಿ ಸಣ್ಣ ಅಪಘಾತಗಳಲ್ಲೇ ಮಕ್ಕಳು ಹೀಗೆ ಸತ್ತ ಮೇಲೆ ಲೋಕ ಎಚ್ಚೆತ್ತಿತು. ಹಿಮ್ಮುಖದ ಶಿಶು ಸೀಟನ್ನು ಮುಂದೆ ಇಡಲೇಬೇಕಾಗಿ ಬಂದರೆ ಆ ದೀಪ ಉರಿಯುತ್ತಿರಬೇಕು. ಮರುದಿನ ಅದೇ ಸೀಟಿನಲ್ಲಿ ಅಜ್ಜಿ ಕುಳಿತಾಗ ಅದೇ ದೀಪ ಅಪಾಯದ ಸೂಚನೆ. ದೀಪ ಬದಲಾಗಲಿಲ್ಲ, ಕುಳಿತವರು ಬದಲಾದರು. ಮಡಿಲಲ್ಲಿ ಕೂಸನ್ನಿಟ್ಟುಕೊಂಡು ಮುಂದೆ ಕೂರುವ ಪದ್ಧತಿಯನ್ನಂತೂ ನಮ್ಮ ಮನೆಗಳು ಬಿಡಲೇಬೇಕು. ಮಗುವಿನ ಜಾಗ ಹಿಂದಿನ ಸೀಟು, ಅದೂ ಅದರದೇ ಆಸನದಲ್ಲಿ.

ಎಚ್ಚರಿಕೆಯ ಬಾಯಿ ಮುಚ್ಚಿಸುವುದು ನಮಗೆ ಹಳೆಯ ಅಭ್ಯಾಸ. ಬೆಲ್ಟ್ ಹಾಕದೆಯೇ ಅದರ ಸದ್ದು ನಿಲ್ಲಿಸುವ ಕ್ಲಿಪ್ಪುಗಳನ್ನು ಮಾರಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಐದು ಆನ್‌ಲೈನ್ ಕಂಪನಿಗಳಿಗೆ ಆದೇಶಿಸಬೇಕಾಯಿತು. ಕ್ಲಿಪ್ ಹಾಕಿದವನು ಮೋಸಮಾಡಿಕೊಂಡದ್ದು ತನಗೇ ಎನ್ನೋಣ. ಆದರೆ ಒಮ್ಮೆ ಅಪಘಾತದಲ್ಲಿ ತೆರೆದ ಏರ್‌ಬ್ಯಾಗನ್ನು ಬದಲಿಸದೆ, ಎಚ್ಚರಿಕೆಯ ದೀಪವನ್ನೇ ಆರಿಸಿ ಕಾರನ್ನು ಮಾರುವವನ ಕಥೆಯೇನು? “ಅವರು ಕೇಳಲಿಲ್ಲ, ನಾವು ಹೇಳಲಿಲ್ಲ” ಎಂಬ ಸಮಾಧಾನ ಇಲ್ಲಿ ನಿಲ್ಲದು. ಸುಳ್ಳನ್ನು ಮಾತಿನಿಂದ ಹೇಳಿದರೂ ಕ್ರಿಯೆಯಿಂದ ಹೇಳಿದರೂ ಒಂದೇ ಎಂದು 13ನೇ ಶತಮಾನದಲ್ಲೇ ಸಂತ ಥಾಮಸ್ ಅಕ್ವಿನಾಸ್ ವಾದಿಸಿದ್ದರು. ಆರಿದ ದೀಪ “ಎಲ್ಲವೂ ಸರಿಯಿದೆ” ಎನ್ನುತ್ತದೆ. ಆ ಮಾತನ್ನು ಆಡಿಸಿದವನು ಮಾರಿದವನೇ.

ಹಳೆಯ ಕಾರು ಕೊಳ್ಳುವವರು ಕೀಲಿ ತಿರುಗಿಸಿ ನೋಡಿ. ಆ ದೀಪ ಒಮ್ಮೆಯೂ ಹೊತ್ತದಿದ್ದರೆ ಸಂಶಯಪಡಿ, ಹೊತ್ತಿ ಆರಿದರೂ ಒಳ್ಳೆಯ ವರ್ಕ್‌ಶಾಪಿನಲ್ಲಿ ಪರೀಕ್ಷೆ ಮಾಡಿಸಿ. ಮಾರುವವರು ಹೇಳಿಯೇ ಮಾರಿ. ಬೆಲೆ ಇಳಿದೀತು, ಇಳಿಯಲಿ. ಸದ್ಯಕ್ಕೆ ರಿಪೇರಿಗೆ ಹಣ ಒದಗದವರು ಪಕ್ಕದಲ್ಲಿ ಕೂರಲು ಬಂದವರಿಗೆ ಇದ್ದದ್ದನ್ನು ಇದ್ದಂತೆ ತಿಳಿಸಿ, ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಸಿ ಕೂರಿಸಲಿ.