ಅರಿವೆಂಬ ದಯೆ

ಮೂತ್ರದಲ್ಲಿ ರಕ್ತ ಕಂಡ ರೋಗಿಯ ಮೂತ್ರಕೋಶದೊಳಕ್ಕೆ ದರ್ಶಕನಳಿಕೆಯನ್ನಿಳಿಸಿ ನೋಡಿದ ವೈದ್ಯನಿಗೆ ಅಲ್ಲಿ ಗಂಟೊಂದು ಗೋಚರಿಸಿತೆಂದರೆ, ಪ್ರತ್ಯಕ್ಷಕ್ಕಿಂತ ಮಿಗಿಲಾದ ಪ್ರಮಾಣವೇಕೆಂದು ಮನಸ್ಸು ಅಲ್ಲಿಯೇ ನಿಂತುಬಿಡುವುದು ಸಹಜ. ಆದರೆ ಕಣ್ಣು ಕಂಡದ್ದು ಗಂಟನ್ನು ಮಾತ್ರ; ಅದು ಅಲ್ಲಿಯೇ ಹುಟ್ಟಿತೆಂಬುದು ಮನಸ್ಸು ಸೇರಿಸಿದ ಮಾತು. ಶ್ವಾಸಕೋಶದ ಕ್ಯಾನ್ಸರು ಮಿದುಳಿಗೆ, ಎಲುಬಿಗೆ, ಯಕೃತ್ತಿಗೆ ಹರಡುವುದುಂಟು; ಮೂತ್ರಕೋಶವನ್ನು ಸೇರುವುದು ಅತಿ ವಿರಳವಾದುದರಿಂದ ಅದನ್ನು ನೆನೆಯುವವರೂ ವಿರಳ.

ಸೂರತ್ತಿನಿಂದ ವಡೋದರೆಯ ಮಾರ್ಗವಾಗಿ ಅಹಮದಾಬಾದಿಗೆ, 1972ರಲ್ಲಿ ಸ್ಥಾಪಿತವಾದ ಗುಜರಾತ್ ಕ್ಯಾನ್ಸರ್ ಅಂಡ್ ರಿಸರ್ಚ್ ಇನ್‌ಸ್ಟಿಟ್ಯೂಟಿಗೆ, ರಿಪೋರ್ಟುಗಳ ಕಟ್ಟನ್ನೆದೆಗವಚಿಕೊಂಡು ಬರುವ ಬಂಧುಗಳು ಕೇಳುವುದು ರೋಗದ ಹೆಸರನ್ನು. ಅದನ್ನು ನುಡಿಯುವ ಮುನ್ನ, ಗಂಟಿನಿಂದ ತೆಗೆದ ಚೂರಿನ ತೆಳುಪದರವನ್ನು ಗಾಜಿನ ಮೇಲಿಟ್ಟು ವಿಶೇಷ ವರ್ಣಪರೀಕ್ಷೆಗಳಿಗೆ ಒಳಪಡಿಸುತ್ತಾರೆ. ಶ್ವಾಸಕೋಶವನ್ನು ಸೂಚಿಸುವ ಟಿಟಿಎಫ್-1 ಪರೀಕ್ಷೆಯಲ್ಲಿ ಕೋಶಕೇಂದ್ರಗಳು ಕಂದುಬಣ್ಣ ತಳೆದು, ಮೂತ್ರಕೋಶದ ಒಳಪದರವನ್ನು ಸೂಚಿಸುವ ಗಾಟಾ-3 ಬಣ್ಣವೇರದೆ ಉಳಿದು, ಎದೆಯ ಸಿ.ಟಿ. ಚಿತ್ರವೂ ಅದಕ್ಕೊಪ್ಪುವ ಸಾಕ್ಷ್ಯ ನುಡಿದರೆ, ಶ್ವಾಸಕೋಶವೇ ಮೂಲವೆಂಬ ಅನುಮಾನ ದೃಢವಾಗುತ್ತದೆ. ಅನುಮಾನವೆಂದರೆ ಇಲ್ಲಿ ಆಡುಮಾತಿನ ಸಂಶಯವಲ್ಲ. ಹೊಗೆಯಿಂದ ಬೆಂಕಿಯನ್ನರಿಯುವ ಶಾಸ್ತ್ರದ ಅನುಮಾನ.

ವಡೋದರೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ 1926ರಲ್ಲಿ ಅಚ್ಚಾದ, ಬೌದ್ಧ ದಾರ್ಶನಿಕ ಶಾಂತರಕ್ಷಿತನ ‘ತತ್ತ್ವಸಂಗ್ರಹ’ದಲ್ಲಿ, ಚಿನ್ನವನ್ನು ಕಾಯಿಸಿ, ಕತ್ತರಿಸಿ, ಒರೆಗೆ ಹಚ್ಚಿ ನೋಡುವಂತೆ ತನ್ನ ಮಾತನ್ನೂ ಪರೀಕ್ಷಿಸಿಯೇ ಸ್ವೀಕರಿಸಬೇಕೆಂಬ ಬುದ್ಧನ ಉಪದೇಶವಿದೆ. ಗುರುವಚನಕ್ಕೇ ಸಲ್ಲುವ ಈ ನಿಯಮ ನಮ್ಮ ಕಣ್ಣಿನ ಸಾಕ್ಷ್ಯಕ್ಕೆ ಸಲ್ಲಬೇಡವೆ?

ರೋಗವು ಮೂತ್ರಕೋಶದ್ದೇ ಎಂದು ಭ್ರಮಿಸಿದರೆ ಆ ಅಂಗವನ್ನೇ ಕತ್ತರಿಸಿ ತೆಗೆಯುವ ನಿಷ್ಫಲ ಯಾತನೆಗೆ ದೇಹವನ್ನೊಪ್ಪಿಸಿದಂತಾದೀತು. ಮೂಲವನ್ನರಿತರೆ ಸರ್ವಾಂಗಕ್ಕೂ ತಲುಪುವ ಔಷಧವನ್ನು, ಇಜಿಎಫ್‌ಆರ್ ಎಂಬ ಜೀನಿನಲ್ಲಿ ತಕ್ಕ ವ್ಯತ್ಯಾಸವಿದ್ದರೆ ನುಂಗುವ ಗುಳಿಗೆಯನ್ನೇ, ಕೊಡಬಹುದು. ಇಷ್ಟಾದರೂ ಪೂರ್ಣ ಗುಣದ ಭರವಸೆ ಕೊಡಲಾಗದೆಂಬುದು ನಿಜ. ಹಾಗಾದರೆ ಅರಿತು ಫಲವೇನು?

ಜೈನ ಪರಂಪರೆ ಜ್ಞಾನವನ್ನು ದಯೆಗಿಂತ ಮೊದಲಿರಿಸಿತು; ಜೀವವೆಲ್ಲಿದೆಯೆಂದರಿಯದವನು ಅದನ್ನು ಕಾಯುವುದೆಂತು? ಅಹಮದಾಬಾದಿನ ಪೋಳುಗಳೆಂಬ ಹಳೆಯ ಕೇರಿಗಳ ಇಕ್ಕಟ್ಟಿನ ಓಣಿಗಳಲ್ಲಿ ಬರಿಗಾಲಲ್ಲಿ ನಡೆವ ಸಾಧ್ವಿಯರು, ಕಾಲಡಿಯ ಇರುವೆಗೂ ನೋವಾಗದಿರಲೆಂದು, ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆ. ಸೂಕ್ಷ್ಮದರ್ಶಕದ ಮೇಲೆ ತಲೆಬಾಗಿಸಿ, ತಾನೆಂದೂ ಕಾಣದ ರೋಗಿಯ ಮೇಲೆ ಕತ್ತಿಯಾಡುವ ಮುನ್ನ ಇನ್ನೊಮ್ಮೆ ನೋಡುವವನ ವ್ರತವೂ ಅದೇ.