ಎತ್ತರ ಕಳೆದುಕೊಂಡ ವಿಮಾನ, ಉದ್ದೇಶದ ನೆಪ

ವರ್ಸೇಲ್ಸ್ ಒಪ್ಪಂದದ ಪ್ರಕಾರ ಜರ್ಮನಿ ವಾಯುಪಡೆ ಇಟ್ಟುಕೊಳ್ಳುವಂತಿರಲಿಲ್ಲ. ಹಾಗಾಗಿ 1932ರ ನವೆಂಬರಿನಲ್ಲಿ ಹೈಂಕೆಲ್ ಕಂಪನಿ ಹಾರಿಸಿದ ಹೆಚ್‌ಇ 49, ಕಾಗದದ ಮಟ್ಟಿಗೆ, ತರಬೇತಿ ವಿಮಾನ. ಮರುವರ್ಷ ಅದನ್ನೇ ತಿದ್ದಿ ಹೆಚ್‌ಇ 51 ಮಾಡಿದರು: ಒಂದರ ಮೇಲೊಂದು ಎರಡು ರೆಕ್ಕೆ, ತೆರೆದ ಕಾಕ್‌ಪಿಟ್, 750 ಅಶ್ವಶಕ್ತಿಯ ಬಿಎಂಡಬ್ಲ್ಯು ಎಂಜಿನ್, ಮೂಗಿನ ಮೇಲೆ ಎರಡು ಮಷೀನ್‌ಗನ್. ಗಂಟೆಗೆ ಸುಮಾರು 330 ಕಿಲೋಮೀಟರ್ ವೇಗ. 1935ರಲ್ಲಿ ಹಿಟ್ಲರ್ ವಾಯುಪಡೆಯ ಇರವನ್ನು ಜಗಜ್ಜಾಹೀರು ಮಾಡಿದಾಗ ಪ್ರದರ್ಶನಕ್ಕೆ ಸಿಕ್ಕಿದ ಹೊಳೆಯುವ ವಿಮಾನ ಇದೇ.

ಹೊಳಪು ಬಹಳ ದಿನ ಬಾಳಲಿಲ್ಲ. 1936ರ ಆಗಸ್ಟಿನಲ್ಲಿ, ಸ್ಪೇನಿನ ಅಂತರ್ಯುದ್ಧದಲ್ಲಿ ಸರ್ಕಾರದ ವಿರುದ್ಧ ದಂಗೆಯೆದ್ದಿದ್ದ ಸೇನಾನಿ ಫ್ರಾಂಕೋನ ನೆರವಿಗೆಂದು ಹಡಗಿನಲ್ಲಿ ಮೊದಲ ಆರು ಹೆಚ್‌ಇ 51ಗಳು ಸ್ಪೇನಿಗೆ ಬಂದಿಳಿದವು. ಕೆಲವೇ ತಿಂಗಳಲ್ಲಿ ಸೋವಿಯತ್ ಐ-15, ಐ-16 ವಿಮಾನಗಳು ಎದುರಾದಾಗ ಇದರ ಆಟ ನಡೆಯದಾಯಿತು. ಆಕಾಶದಲ್ಲಿ ಸೋತದ್ದನ್ನು ನೆಲದ ಕಡೆಗೆ ತಿರುಗಿಸಿದರು. ಹತ್ತು ಕಿಲೋ ತೂಕದ ಆರು ಬಾಂಬ್ ಕಟ್ಟಿ, ಕಂದಕ ಮತ್ತು ರಸ್ತೆಗಳ ಮೇಲೆ ತಗ್ಗಿನಲ್ಲಿ ಹಾರಿಸತೊಡಗಿದರು. ಈ ಎತ್ತರದ ಬದಲಾವಣೆಯಲ್ಲಿ ಉದ್ದೇಶವನ್ನು ಕುರಿತ ಒಂದು ಹಳೆಯ ಧರ್ಮಶಾಸ್ತ್ರೀಯ ಪ್ರಶ್ನೆಯೂ ಅಡಗಿದೆ.

ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಆತ್ಮರಕ್ಷಣೆಯ ಕೊಲೆಯನ್ನು ಚರ್ಚಿಸುತ್ತ, ಒಂದೇ ಕ್ರಿಯೆಗೆ ಎರಡು ಫಲಗಳಿರಬಹುದು, ಒಂದು ಉದ್ದೇಶಿತ, ಇನ್ನೊಂದು ಉದ್ದೇಶದ ಹೊರಗಿನದು ಎಂದ. ಕ್ಯಾಥೊಲಿಕ್ ಚಿಂತಕರು ಇದನ್ನೇ ಬೆಳೆಸಿ ದ್ವಿಫಲ ತತ್ವ ಕಟ್ಟಿದರು. ಶತ್ರುವಿನ ಸೇತುವೆ ಒಡೆಯುವಾಗ ಪಕ್ಕದ ಮನೆಯವರು ಸತ್ತರೆ, ಅವರ ಸಾವನ್ನು ಬಯಸಿರದಿದ್ದರೆ, ಅದೇ ಗೆಲುವಿನ ಸಾಧನವಾಗಿರದಿದ್ದರೆ, ಹಾನಿ ಗುರಿಗೆ ತಕ್ಕಷ್ಟೇ ಇದ್ದರೆ, ಕೃತ್ಯವನ್ನು ಕೊಲೆ ಎನ್ನಲಾಗದು. ತತ್ವ ಅಚ್ಚುಕಟ್ಟಾಗಿದೆ, ನೆಪ ಹುಡುಕುವವರಿಗೆ ಅನುಕೂಲಕರವೂ ಹೌದು.

1937ರ ಏಪ್ರಿಲ್ 26, ಸೋಮವಾರ, ಬಾಸ್ಕ್ ಪಟ್ಟಣ ಗೆರ್ನಿಕಾದಲ್ಲಿ ಸಂತೆಯ ದಿನ. ಮಧ್ಯಾಹ್ನ ನಾಲ್ಕೂವರೆಯ ಹೊತ್ತಿಗೆ ಶುರುವಾದ, ಫ್ರಾಂಕೋ ಪರ ವಿಮಾನಗಳ ದಾಳಿ ಸುಮಾರು ಮೂರು ತಾಸು ನಡೆಯಿತು. ಗುರಿ ರೆಂತೆರಿಯಾ ಸೇತುವೆ ಎಂಬುದು ದಾಳಿಕೋರರ ಪರವಾದ ವಾದ. ಪಟ್ಟಣದ ಬಹುಪಾಲು ಉರಿದುಹೋಯಿತು, ಸೇತುವೆ ಮಾತ್ರ ನಿಂತೇ ಇತ್ತು. ಆದರೂ ಎತ್ತರದಿಂದ ಬಾಂಬ್ ಹಾಕಿದ ಜುಂಕರ್ಸ್ ಬಾಂಬರ್‌ನ ಪೈಲಟ್, ಗುರಿ ತಪ್ಪಿತು, ಹೊಗೆ ಕವಿದಿತ್ತು ಎಂದು ಹೇಳಬಹುದು. ಅವನ ಮಾತನ್ನು ನಂಬುವುದು ಬಿಡುವುದು ಬೇರೆ ವಿಷಯ, ಅಂಥ ಮಾತಿಗೆ ಅಲ್ಲಿ ಜಾಗವಂತೂ ಇದೆ.

ಅದೇ ದಾಳಿಯಲ್ಲಿ ತಗ್ಗಿನಲ್ಲಿ ಹಾರಿದ ಹೆಚ್‌ಇ 51ರ ಪೈಲಟ್‌ಗೆ ಆ ಜಾಗವೂ ಇಲ್ಲ. ಪತ್ರಕರ್ತ ಜಾರ್ಜ್ ಸ್ಟೀರ್ ಲಂಡನ್ನಿನ ಟೈಮ್ಸ್‌ಗೆ ಬರೆದ ವರದಿಯ ಪ್ರಕಾರ, ಹೊಲಗಳಿಗೆ ಓಡಿದ ಜನರ ಮೇಲೆ ಫೈಟರ್‌ಗಳು ಕೆಳಕ್ಕೆ ಧುಮುಕಿ ಗುಂಡು ಹಾರಿಸಿದವು. ಆ ರಸ್ತೆಗಳಲ್ಲಿ ಹಿಮ್ಮೆಟ್ಟುವ ಬಾಸ್ಕ್ ಸೈನಿಕರೂ ಇದ್ದರು, ಆ ವೇಗದಲ್ಲಿ ನೋಡಲು ಸಿಗುವುದು ಕೆಲವೇ ಕ್ಷಣ ಎಂಬ ಆಕ್ಷೇಪವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೆ ಒಂದು ಸುತ್ತು ಮುಗಿಸಿ, ತಿರುಗಿ ಬಂದು, ಅದೇ ಹೊಲಕ್ಕೆ ಮತ್ತೆ ಮೂಗು ತಗ್ಗಿಸುವವನಿಗೆ ಮೊದಲ ಸಲದ ಅರಿವಿಲ್ಲವೇ?

ಇಲ್ಲಿ ಬ್ರಿಟಿಷ್ ತತ್ವಜ್ಞಾನಿ ಎಲಿಜಬೆತ್ ಆನ್‌ಸ್ಕಮ್ ನೆನಪಾಗುತ್ತಾರೆ. ಶ್ರದ್ಧಾವಂತ ಕ್ಯಾಥೊಲಿಕ್ ಆದ ಅವರು ದ್ವಿಫಲ ತತ್ವವನ್ನು ಕೈಬಿಡಲಿಲ್ಲ, ಅದರ ದುರ್ಬಳಕೆಯನ್ನು ಮಾತ್ರ ಕಟುವಾಗಿ ಟೀಕಿಸಿದರು. ಉದ್ದೇಶವೆಂದರೆ ಮನಸ್ಸಿನೊಳಗೆ ಸದ್ದಿಲ್ಲದೆ ಆಡಿಕೊಳ್ಳುವ ಮಾತಲ್ಲ. ಕೈಯಿಂದ ಮಾಡುತ್ತಿರುವ ಕೆಲಸದಲ್ಲೇ, ಅದಕ್ಕೆ ಆರಿಸಿಕೊಂಡ ಸಾಧನದಲ್ಲೇ ಅದು ಕಾಣುತ್ತದೆ ಎಂಬುದು ಅವರ ವಾದದ ಸಾರ. ಓಡುವವರನ್ನು ಗುರಿಯಿಟ್ಟು ಹೊಡೆಯುತ್ತ, ‘ನನಗೆ ಬೇಕಾದದ್ದು ಯುದ್ಧದ ಗೆಲುವು, ಇವರ ಸಾವಲ್ಲ’ ಎನ್ನುವವನ ಗೆಲುವು ಬರಬೇಕಾದದ್ದು ಆ ಸಾವುಗಳ ದಾರಿಯಿಂದಲೇ. ತತ್ವದ ಷರತ್ತು ಅಲ್ಲೇ ಮುರಿಯಿತು.

ವಿಚಿತ್ರವೆಂದರೆ, ಸ್ಪೇನಿನ ಬಹುತೇಕ ಬಿಷಪ್‌ಗಳು 1937ರ ಜುಲೈನಲ್ಲಿ ಫ್ರಾಂಕೋ ಪರ ಸಾಮೂಹಿಕ ಪತ್ರ ಹೊರಡಿಸಿದರು. ಅದೇ ವರ್ಷ ಫ್ರೆಂಚ್ ಕ್ಯಾಥೊಲಿಕ್ ಚಿಂತಕ ಜಾಕ್ ಮಾರಿತ್ಯಾಂ ಈ ಯುದ್ಧವನ್ನು ‘ಪವಿತ್ರ’ ಎನ್ನುವುದನ್ನು ನಿರಾಕರಿಸಿದ. ಎರಡೂ ಕಡೆಯವರು ಓದಿದ್ದು ಒಂದೇ ಅಕ್ವಿನಾಸನನ್ನು. 1965ರಲ್ಲಿ ಎರಡನೆಯ ವ್ಯಾಟಿಕನ್ ಸಭೆ ಇಡೀ ನಗರಗಳನ್ನು ನಿರ್ವಿವೇಚನೆಯಿಂದ ನಾಶಮಾಡುವುದನ್ನು ದೇವರ ಮತ್ತು ಮನುಷ್ಯನ ವಿರುದ್ಧದ ಅಪರಾಧವೆಂದು ಘೋಷಿಸಿತು. ಆ ಘೋಷಣೆ ಬಾಂಬರ್‌ಗಳ ಅಳತೆಗೆ ಹೊಲಿದದ್ದು. ತಗ್ಗಿನಲ್ಲಿ ಹಾರಿ ಒಂದು ಹೊಲದ ಜನರನ್ನು ಹೊಡೆದವನಿಗೆ ಹೊಸ ಘೋಷಣೆ ಬೇಕಿರಲಿಲ್ಲ, ನಿರಪರಾಧಿಯನ್ನು ಕೊಲ್ಲಬಾರದೆಂಬ ಹಳೆಯ ಕಟ್ಟಳೆಯೇ ಸಾಕಿತ್ತು.