ಸರಿಸಿದ ಕಲ್ಲು

ಪವನ್ ಕುಮಾರ್ ನಿರ್ದೇಶಿಸಿದ ‘ಯು ಟರ್ನ್’ 2016ರ ಸಿನಿಮಾ. ಮೊನ್ನೆ ವೈನಿಯ ಜೊತೆ ಕೂತು ಅದನ್ನು ಮತ್ತೊಮ್ಮೆ ನೋಡಿದೆ. ಪತ್ತೇದಾರಿಯಾಗಿ ಶುರುವಾಗಿ ದೆವ್ವದ ಕಥೆಯಾಗುವ ಚಿತ್ರ. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯ ನಡುವಿನ ಕಲ್ಲು ಸರಿಸಿ, ಗಾಡಿ ತಿರುಗಿಸಿಕೊಂಡು ಹೋದವರು ಅಂದೇ ಆತ್ಮಹತ್ಯೆ ಮಾಡಿಕೊಂಡಂತೆ ಸತ್ತಿರುತ್ತಾರೆ. ಅವರ ಬಗ್ಗೆ ಬರೆಯಹೊರಟ ಪತ್ರಕರ್ತೆಯ ಮೇಲೆಯೇ ಪೊಲೀಸರಿಗೆ ಅನುಮಾನ. ಶ್ರದ್ಧಾ ಶ್ರೀನಾಥ್ ಆ ಪಾತ್ರ ಮಾಡಿದ್ದಾರೆ. ಸೇಡು ತೀರಿಸಿಕೊಳ್ಳುತ್ತಿರುವುದು, ಹಾಗೆ ಸರಿಸಿದ ಕಲ್ಲಿನಿಂದ ಮಗಳೊಂದಿಗೆ ಸತ್ತ ತಾಯಿಯ ಪ್ರೇತ.

“ಕಲ್ಲು ಸರಿಸಿದ್ದಕ್ಕ ಜೀವಾನ ತಗೋಬೇಕೇನ? ಹಂಗಾದ್ರ ನಮ್ಮೂರಾಗ ಯಾರ ಉಳೀತಾರ?” ಎಂದರು ವೈನಿ.

ನೋಡದವರು ಕ್ಷಮಿಸಬೇಕು, ಕೊನೆ ಹೇಳದೆ ಮಾತು ಮುಂದೆ ಸಾಗದು. ತಾಯಿ-ಮಗಳು ಸತ್ತ ದಿನ ಕಲ್ಲು ಸರಿಸಿದ್ದವನು ಅವಳ ಗಂಡನೇ. ಉಳಿದವರು ಸರಿಸಿದ ಕಲ್ಲಿಗೆ ಯಾರೂ ಬಲಿಯಾಗಿರಲಿಲ್ಲ, ಆದರೂ ಅವರು ಸತ್ತರು. ಬಲಿ ತೆಗೆದುಕೊಂಡವನನ್ನು ಮಾತ್ರ ಪ್ರೇತ ಬದುಕಲು ಬಿಡುತ್ತದೆ. ಎಲ್ಲರೂ ಮಾಡಿದ್ದು ಒಂದೇ ಕೆಲಸ, ಆದದ್ದು ಬೇರೆ ಬೇರೆ. ಹಾಗಿದ್ದರೆ ತಪ್ಪು ಇರುವುದು ಕೆಲಸದಲ್ಲೋ, ಫಲದಲ್ಲೋ?

ಹುಬ್ಬಳ್ಳಿ-ಧಾರವಾಡದ ನಡುವೆ 2018ರಲ್ಲಿ ಚಿಗರಿ ಬಸ್ಸು ಓಡತೊಡಗಿದ ಮೇಲೆ ರಸ್ತೆಯ ನಡುವಿನ ಪಥ ಅವಕ್ಕೇ ಮೀಸಲು. ಎದುರಿಗೆ ಕಾಣುವ ಅಂಗಡಿಗೂ ಸುತ್ತಿ ಹೋಗಬೇಕು. ಒಂದು ಸಂಜೆ ಹಾಲು ತರಲು ಹೊರಟ ನಾನು, ಆ ಸುತ್ತು ಉಳಿಸಲೆಂದು ಸ್ಕೂಟಿಯನ್ನು ಉಲ್ಟಾ ದಿಕ್ಕಿನಲ್ಲೇ ಬಿಟ್ಟೆ. ಎದುರಿಗೆ ಸೈಕಲ್ಲಿನಲ್ಲಿ ಬರುತ್ತಿದ್ದ ಹುಡುಗ ನನ್ನನ್ನು ಕಂಡು ಸರಕ್ಕನೆ ಪಕ್ಕಕ್ಕೆ ಹೊರಳಿದ. ಬೀಳಲಿಲ್ಲ. ನಾನು ನಿಲ್ಲಲೂ ಇಲ್ಲ. ಮನೆಗೆ ಬಂದು ಹಾಲು ಕಾಯಿಸಿದೆ, ಮರೆತೆ. ಅವನು ಬಿದ್ದಿದ್ದರೆ ಜನ್ಮವಿಡೀ ಮರೆಯುತ್ತಿರಲಿಲ್ಲ. ನಾನು ಮಾಡಿದ್ದೇನೋ ಅಷ್ಟೇ. ನನ್ನನ್ನು ಉಳಿಸಿದ್ದು ನನ್ನ ಒಳ್ಳೆಯತನವಲ್ಲ, ಆ ಹುಡುಗನ ಎಚ್ಚರ.

ಪ್ರೇತದ ನ್ಯಾಯ ಕ್ರೂರವೇ. ಅದನ್ನು ನಾನು ಒಪ್ಪಲಾರೆ. ಆದರೆ ನಮ್ಮ ನ್ಯಾಯ ಯಾರಾದರೂ ಸತ್ತ ಮೇಲೆ ತಾನೇ “ಯಾರು ಮಾಡಿದರು?” ಎಂದು ಕೇಳುವುದು? ಏನೂ ಆಗದೆ ಹೋದ ದಿನಗಳ ಲೆಕ್ಕವನ್ನು ನಮ್ಮ ಹೊರತು ಇನ್ನಾರೂ ಇಡಲಾರರು. ಈ ಕಥೆಯನ್ನು ಮಲಯಾಳಂ, ತೆಲುಗು, ತಮಿಳು, ಹಿಂದಿಗಳಲ್ಲೂ ಮತ್ತೆ ತೆಗೆದರು. ಕಲ್ಲು ಸರಿಸುವವರು ಎಲ್ಲ ಊರಲ್ಲೂ ಇದ್ದೇವೆ.

“ಗಂಡ ಅಂತ ಬಿಟ್ಟಳೇನ ಅವನ್ನ?” ವೈನಿ ಕೇಳಿದರು.

“ಬಿಟ್ಟಿಲ್ರೀ ವೈನಿ. ಎಲ್ಲಾರಿಗಿಂತ ದೊಡ್ಡ ಶಿಕ್ಷಾ ಅವಂಗ ಆತು,” ಎಂದೆ.

ಮರುದಿನ ಹಾಲಿಗೆ ಸುತ್ತಿಯೇ ಹೋದೆ. ಆ ಹುಡುಗ ಕಂಡಾನೇನೋ ಎಂದು ದಾರಿಯುದ್ದಕ್ಕೂ ನೋಡಿದೆ. ಮುಖವೇ ನೆನಪಿಲ್ಲ, ಅಂದು ನಾನು ನಿಂತಿರಲಿಲ್ಲವಲ್ಲ.